ಎಳೆಯ ಕೈಯ ಕತ್ತಿ: ಕೀರ್ತಿಶೇಷ ತ.ರಾ.ಸು.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಳುಕು ಎಂಬ ಊರು ಸಿಕ್ಕುತ್ತದೆ. ಅದೇ ದಾರಿಯಲ್ಲಿ ಮುಂದೆ ಹೋದರೆ ನಮ್ಮೂರು ಬೊಮ್ಮಗೊಂಡನಕೆರೆ. ಬಸ್ಸಿನ ಫಲಕದಲ್ಲೂ ಜನರ ಬಾಯಲ್ಲೂ ಅದು ಬಿ.ಜಿ. ಕೆರೆ. ಕಾಲೇಜಿಗೆಂದು ಈ ದಾರಿಯಲ್ಲಿ ಎಷ್ಟೋ ಸಲ ಬಂದು ಹೋದ ನನಗೆ ತಳುಕು ಬಹುಕಾಲದವರೆಗೆ ಬಸ್ಸು ಎರಡು ನಿಮಿಷ ನಿಲ್ಲುವ ಜಾಗ ಮಾತ್ರವಾಗಿತ್ತು. ತ.ರಾ.ಸು. ಎಂಬ ಮೂರಕ್ಷರಗಳಲ್ಲಿ ಮೊದಲನೆಯದು ಈ ತಳುಕೇ ಎಂಬುದು ತರಗತಿಯಲ್ಲಿ ಗುರುಗಳು ಹೇಳಿದ ದಿನವಷ್ಟೇ ತಿಳಿದುದು. ಆ ಶನಿವಾರ ಊರಿಗೆ ಹೋಗುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಅದೇ ಊರು, ಅದೇ ಬಿಸಿಲು, ಆಚೆಗೆ ಅದೇ ಶೇಂಗಾ ಹೊಲಗಳು. ಆದರೂ ನೋಟ ಬೇರೆಯಾಗಿತ್ತು.

ಈ ಲೇಖನ ಬರೆಯಲು ಇನ್ನೊಂದು ಕಾರಣವುಂಟು. 2022ರಲ್ಲಿ ಅಗ್ನಿಪಥ ಯೋಜನೆ ಬಂದಂದಿನಿಂದ ಹದಿನೇಳೂವರೆ ವರ್ಷ ತುಂಬಿದ ಹುಡುಗರು ಸೇನೆಗೆ ಸೇರುವ ಆಸೆಯಿಂದ ನಮ್ಮ ಕಡೆ ನಸುಕಿನಲ್ಲೇ ಎದ್ದು ರಸ್ತೆಯ ಅಂಚಿನಲ್ಲಿ ಓಡುತ್ತಾರೆ. ನನ್ನ ಚಿಕ್ಕಪ್ಪನ ಮಗನೂ ಅವರಲ್ಲೊಬ್ಬ. ಹೋದ ಬೇಸಿಗೆಯಲ್ಲಿ ಅವನು ನನ್ನನ್ನು, ಅಣ್ಣಾ, ಯುದ್ಧದ ಕಥೆಯ ಪುಸ್ತಕ ಇದ್ದರೆ ಕೊಡು ಎಂದು ಕೇಳಿದ. ಹುಡುಗನ ಕೈಗೆ ಯುದ್ಧದ ಯಾವ ಪುಸ್ತಕವನ್ನು ಕೊಡುವುದು? ನೋಡುವುದಕ್ಕೆ ಸಣ್ಣ ಪ್ರಶ್ನೆ. ಯೋಚಿಸುತ್ತ ಹೋದಂತೆ ಅದು ತ.ರಾ.ಸು. ಅವರ ಬಾಳಿನ ಕಡೆಗೆ ನನ್ನನ್ನು ಎಳೆದುಕೊಂಡು ಹೋಯಿತು. ಏಕೆಂದರೆ ಮೀಸೆ ಮೂಡುವ ಮೊದಲೇ ಕತ್ತಿ ಹಿಡಿದವನ ಕಥೆಯನ್ನು ನಮ್ಮ ಸೀಮೆಯಲ್ಲಿ ಅವರಷ್ಟು ಮನಸ್ಸಿಟ್ಟು ಬರೆದವರು ಬೇರೊಬ್ಬರಿಲ್ಲ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ಹುಟ್ಟಿದುದು ತಳುಕಿನಲ್ಲಲ್ಲ. 1920ರ ಏಪ್ರಿಲ್ 21ರಂದು ಮಲೆಬೆನ್ನೂರಿನಲ್ಲಿ. ಮಲೆಬೆನ್ನೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು; ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. ತಂದೆ ರಾಮಸ್ವಾಮಯ್ಯನವರು, ತಾಯಿ ಸೀತಮ್ಮನವರು. ಹಿರಿಯರು ತಳುಕಿನಲ್ಲಿ ನೆಲೆಸಿದವರು. ಮನೆತನದ ಮಾತು ಮೂಲತಃ ತೆಲುಗು. ನಮ್ಮ ಗಡಿನಾಡಿನಲ್ಲಿ ಇದೇನೂ ಹೊಸತಲ್ಲ; ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ ಎಂಬ ಮನೆಗಳು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುಗಳಿಗೇ. ಹುಡುಗ ಸುಬ್ಬರಾಯನಿಗೆ ಈ ದೊಡ್ಡಪ್ಪ, ಕಥೆ ಬರೆದು ತೋರಿಸಿದರೆ ನಾಲ್ಕಾಣೆ ಕೊಡುವುದಾಗಿ ಪಂಥ ಕಟ್ಟಿದರಂತೆ. ಹುಡುಗ ಪುಟ್ಟನ ಚೆಂಡು ಎಂಬ ಕಥೆ ಬರೆದು ನಾಲ್ಕಾಣೆ ಗೆದ್ದನಂತೆ. ಮುಂದೆ ಸಾವಿರಾರು ಪುಟಗಳ ಉದ್ದಕ್ಕೂ ರಕ್ತ ಹರಿಸಿದ ಲೇಖನಿಯ ಮೊದಲ ಕೃತಿ ಮಕ್ಕಳ ಚೆಂಡಿನ ಮೇಲೆ ಎಂಬುದನ್ನು ನೆನೆದಾಗ ನನಗೆ ನಗೆಯೂ ಬರುತ್ತದೆ, ಏನೋ ಒಂದು ಬಗೆಯ ಪ್ರೀತಿಯೂ ಉಕ್ಕುತ್ತದೆ.

ಬಾಲ್ಯದ ಬಹುಭಾಗ ಚಿತ್ರದುರ್ಗದಲ್ಲಿ ಕಳೆಯಿತು. ಆ ಊರಿನ ಹುಡುಗರಿಗೆ ಇತಿಹಾಸ ಪುಸ್ತಕದಲ್ಲಿ ಸಿಕ್ಕುವ ವಸ್ತುವಲ್ಲ. ಅದು ಸಂಜೆ ಆಟಕ್ಕೆ ಹೋಗುವ ಜಾಗ. ಏಳು ಸುತ್ತಿನ ಕೋಟೆಯ ಬಂಡೆಗಳ ಮೇಲೆ ಓಡಾಡುವವನಿಗೆ ಬತೇರಿ ಎಂದರೇನು, ದಿಡ್ಡಿ ಬಾಗಿಲು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕಾಲದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಪಾಳೆಯಗಾರರ ಬಖೈರುಗಳನ್ನೂ ಶಾಸನಗಳನ್ನೂ ಹುಡುಕಿ ಕಲೆಹಾಕುತ್ತಿದ್ದರು, ಎಂ.ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳಯಗಾರರ ಚರಿತ್ರೆಯನ್ನು ಅದಕ್ಕೂ ಮುಂಚೆಯೇ ಬರೆದಿದ್ದರು. ಕಲ್ಲು ಒಂದು ಕಡೆ, ಕಾಗದ ಇನ್ನೊಂದು ಕಡೆ. ಕಾದಂಬರಿಕಾರನಿಗೆ ಬೇಕಾದುದೆಲ್ಲ ಮನೆಯ ಬಾಗಿಲಲ್ಲೇ ಇತ್ತು.

ಆದರೆ ಆ ತಲೆಮಾರಿನ ಹುಡುಗರಿಗೆ ಕಳೆದುಹೋದ ಕಾಳಗಕ್ಕಿಂತ ಕಣ್ಣೆದುರಿನ ಹೋರಾಟ ದೊಡ್ಡದಾಗಿತ್ತು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದರ ಹಿಂದೆಯೇ ವಿದುರಾಶ್ವತ್ಥದ ಗೋಲೀಬಾರು. 1939ರಲ್ಲಿ ನಮ್ಮ ಜಿಲ್ಲೆಯ ತುರುವನೂರಿನಲ್ಲೇ ಈಚಲು ಮರಗಳಿಗೆ ಕೊಡಲಿ ಬಿದ್ದಿತು. ಸುಬ್ಬರಾಯರಿಗೆ ಆಗ ಹತ್ತೊಂಬತ್ತು ವರ್ಷ. ಇಂಟರ್‌ಮೀಡಿಯೆಟ್ ಓದಲೆಂದು ಶಿವಮೊಗ್ಗಕ್ಕೂ ತುಮಕೂರಿಗೂ ಹೋದವರ ಮನಸ್ಸು ಪಾಠದಲ್ಲಿ ನಿಲ್ಲಲಿಲ್ಲ. 1942ರ ಚಲೇಜಾವ್ ಚಳವಳಿಯಲ್ಲಿ ಓದು ನಿಂತೇಹೋಯಿತು. ಸೆರೆಮನೆ ಸೇರಿ ಆ ವರ್ಷದ ಕೊನೆಗೆ ಹೊರಬಂದರು. ಪದವಿಯ ಕಾಗದ ಅವರ ಕೈಗೆ ಬರಲೇ ಇಲ್ಲ. ಇಂದು ಅವರ ಮೇಲೆ ಪ್ರಬಂಧ ಬರೆದು ಪದವಿ ಪಡೆಯುವವರುಂಟು.

ಅದೇ 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಊರು ಸ್ವತಂತ್ರವೆಂದು ಸಾರಿ ತಮ್ಮವೇ ಅಧಿಕಾರಿಗಳನ್ನು ನೇಮಿಸಿಕೊಂಡರು. ಅಮಲ್ದಾರ, ಸಬ್ಇನ್ಸ್‌ಪೆಕ್ಟರ್ ಎಂದು ಅವರು ಆರಿಸಿದುದು ಇಬ್ಬರು ಬಾಲಕರನ್ನು. ಎಳೆಯರನ್ನು ಸರ್ಕಾರ ಸೆರೆಗೆ ಹಾಕಲಾರದೆಂಬುದು ಹಿರಿಯರ ಲೆಕ್ಕ. ಲೆಕ್ಕದಲ್ಲಿ ಜಾಣತನವೂ ಇತ್ತು, ಧೈರ್ಯವೂ ಇತ್ತು. ಮುಂದೆ ನಡೆದ ಘರ್ಷಣೆಯಲ್ಲಿ ಅಧಿಕಾರಿಗಳಿಬ್ಬರು ಸತ್ತು, 1943ರ ಮಾರ್ಚಿಯಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಈ ಸುದ್ದಿ ಕೇಳಿ ಬೆಳೆದ ತಲೆಮಾರಿನವರು ಬರೆದ ಕಥೆಗಳಲ್ಲಿ ಎಳೆಯರೂ ಹಿರಿಯರ ಲೆಕ್ಕಾಚಾರವೂ ಜೊತೆಜೊತೆಯಾಗಿ ಬರುವುದು ಆಶ್ಚರ್ಯವಲ್ಲ.

ಸೆರೆಯಿಂದ ಬಂದ ಮೇಲಿನ ಬಾಳು ಬಡತನದ್ದು. ಬೆಂಗಳೂರಿನಲ್ಲಿ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. ಅದನ್ನೂ ಬಿಟ್ಟು ಬರೆಹವನ್ನೇ ಜೀವನೋಪಾಯ ಮಾಡಿಕೊಂಡರು. ಕನ್ನಡದಲ್ಲಿ ಬರೆದು ಬದುಕುತ್ತೇನೆಂಬುದು ಅಂದು ಒಂದು ಸಾಹಸವೇ. ಅ.ನ.ಕೃ. ಅವರ ಹಿರಿತನದಲ್ಲಿ ಪ್ರಗತಿಶೀಲ ಚಳವಳಿ ಎದ್ದಾಗ ಇವರೂ ಅದರ ಮುಂದಾಳುಗಳಲ್ಲಿ ಒಬ್ಬರಾದರು. ಸಾಮಾಜಿಕ ಕಾದಂಬರಿಗಳ ವಿಚಾರವನ್ನು ನಾನಿಲ್ಲಿ ಎತ್ತುವುದಿಲ್ಲ. ಹಂಸಗೀತೆ, ಚಂದವಳ್ಳಿಯ ತೋಟ ಬಲ್ಲವರಿಗೆ ಆ ಬಗ್ಗೆ ಹೇಳಬೇಕಾದುದೇ ಇಲ್ಲ. ದುರ್ಗದ ಭೈರವಿ ಸಂಗೀತಗಾರನ ಕಥೆ ಹಿಂದಿಯ ಚಿತ್ರವಾಗಿ 1956ರಲ್ಲೇ ದೇಶ ಸುತ್ತಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪ್ರಕೃತ ನಮಗೆ ಬೇಕಾದುದು ಚಿತ್ರದುರ್ಗದ ಕಾದಂಬರಿಗಳು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಎಂಬ ಮೂರು ಒಂದು ಮಾಲೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣ ನಾಯಕರನ್ನು ಏರಿಸಿ ಇಳಿಸಿ ಆಡಿಸಿದ ಕಾಲದ ಕಥೆ. ಅನಂತರ ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ. ಇವೆಲ್ಲ ಬಂದು ಎಷ್ಟೋ ವರ್ಷಗಳಾದ ಮೇಲೆ ದುರ್ಗಾಸ್ತಮಾನ. ಎಂಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ದುರ್ಗದ ಗದ್ದುಗೆಯ ಮೇಲೆ ಕೂತವನಿಗಿಂತ ಕೂರಿಸುವವರ ಕೈ ಮೇಲು. ಕೂತವನು ಎಳೆಯನಾದಷ್ಟೂ ಕೂರಿಸುವವರಿಗೆ ಅನುಕೂಲ.

ಇದು ಕಾದಂಬರಿಕಾರರ ಕಟ್ಟುಕಥೆಯಲ್ಲ. 1754ರಲ್ಲಿ ಇಮ್ಮಡಿ ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ, ಗಂಡಿ ಓಬವ್ವ ನಾಗತಿ ಮತ್ತು ಅರಮನೆಯ ಹಿರಿಯರು ಜಾನಕಲ್ಲಿನ ಭರಮಪ್ಪ ನಾಯಕನ ಮಗನನ್ನು ಕರೆತಂದು ಪಟ್ಟ ಕಟ್ಟಿದರು. ಹುಡುಗನಿಗೆ ಆಗ ಸುಮಾರು ಹನ್ನೆರಡು ವರ್ಷ. ಅವನೇ ಮುಂದೆ ನಾಡೆಲ್ಲ ಹಾಡಿ ಹೊಗಳಿದ ವೀರ ಮದಕರಿ ನಾಯಕ. ಹಾಲುಗಲ್ಲದ ಹುಡುಗನ ಕೈಯಲ್ಲಿ ರಾಜ್ಯವಿದೆಯೆಂದು ಕಂಡು ರಾಯದುರ್ಗ, ಹರಪನಹಳ್ಳಿ, ಸವಣೂರಿನವರು ಏರಿಬಂದರು. ರಾಯದುರ್ಗವೆಂದರೆ ನಮ್ಮ ತಾಲ್ಲೂಕಿಗೆ ತಾಗಿಕೊಂಡಿರುವ ಸೀಮೆ. ಆ ದಂಡುಗಳ ಕಾಲಡಿಯಲ್ಲಿ ನಮ್ಮ ಹಳ್ಳಿಗಳ ಹೊಲಗಳು ಎಷ್ಟು ಸಲ ಸಿಕ್ಕಿಕೊಂಡವೋ!

ಇಂಥ ಹುಡುಗನನ್ನು ಕಥೆಯಲ್ಲಿ ತರುವ ಸುಲಭದ ದಾರಿ ಎಲ್ಲರಿಗೂ ಗೊತ್ತು. ಹನ್ನೆರಡರಲ್ಲಿ ಕುದುರೆ ಪಳಗಿಸುವನು, ಹದಿಮೂರರಲ್ಲಿ ಮಲ್ಲನನ್ನು ಕೆಡಹುವನು, ಹದಿನಾಲ್ಕರಲ್ಲಿ ಒಬ್ಬನೇ ನೂರು ತಲೆ ಕಡಿಯುವನು. ಭಯವೆಂಬುದನ್ನು ಅರಿಯನು, ಅಮ್ಮನನ್ನು ನೆನೆಯನು. ಹದಿಹರೆಯದವರಿಗೆಂದು ಬರೆಯುವ ಶೌರ್ಯದ ಕಥೆಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಓದುವಾಗ ರೋಮಾಂಚನವಾಗುತ್ತದೆ. ಓದಿ ಮುಗಿಸಿದ ಮೇಲೆ ಆ ಹುಡುಗನ ಮುಖ ನೆನಪಿಗೆ ಬರುವುದಿಲ್ಲ, ಕತ್ತಿ ಮಾತ್ರ ಬರುತ್ತದೆ. ತ.ರಾ.ಸು. ಅವರ ಬಾಲಕ ನಾಯಕ ಹಾಗಲ್ಲ. ಅವನ ಸುತ್ತ ಹಿರಿಯರಿದ್ದಾರೆ: ಗದ್ದುಗೆಯ ಹಿತ ಬಯಸುವ ನಾಗತಿ, ರಾಜ್ಯದ ಲೆಕ್ಕ ಬಲ್ಲ ಪ್ರಧಾನಿ ಕಳ್ಳಿ ನರಸಪ್ಪಯ್ಯ, ಅವಕಾಶ ಕಾಯುವ ಇನ್ನೆಷ್ಟೋ ಮಂದಿ. ಅವನ ಜೊತೆ ತಮ್ಮ ಪರಶುರಾಮಪ್ಪ ನಾಯಕನಿದ್ದಾನೆ. ಅವನಿಗೆ ರಾಜ್ಯ ಸಿಕ್ಕಿದೆ. ಬಾಲ್ಯ ಕೈ ತಪ್ಪಿದೆ. ಧೀರನಾಗುವುದನ್ನು ಅವನು ಹಿರಿಯರ ಕಣ್ಣೆದುರಿನಲ್ಲಿ ಪಾಠದಂತೆ ಕಲಿಯಬೇಕಾಗಿದೆ. ಚೆಂಡಿನ ಕಥೆ ಬರೆದ ಕೈ, ಚೆಂಡಾಡುವ ವಯಸ್ಸಿನಲ್ಲೇ ಪಟ್ಟಕ್ಕೆ ಕೂತವನನ್ನು ಮರೆತಿರಲಿಲ್ಲ ಎಂದು ನನಗೆ ತೋರುತ್ತದೆ.

ದೋಷವಿಲ್ಲವೆಂದು ಹೇಳಲಾರೆ. ತ.ರಾ.ಸು. ಅವರ ಪಾತ್ರಗಳು ಮಾತಿಗೆ ನಿಂತರೆ ಬೇಗ ನಿಲ್ಲಿಸುವುದಿಲ್ಲ. ಎಷ್ಟೋ ಕಡೆ ಎಳೆಯನ ಬಾಯಲ್ಲಿ ಅರವತ್ತರ ಮಂತ್ರಿಯ ಮಾತು ಬರುತ್ತದೆ. ಅರಮನೆಯ ಓಲಗವೆಲ್ಲ ನಾಟಕದ ಕಂಪನಿಯ ರಂಗದಂತೆ ಮೊಳಗುತ್ತದೆ. ತರಗತಿಯಲ್ಲಿ ನಮ್ಮ ಗೆಳೆಯನೊಬ್ಬ ಇದನ್ನೇ ಎತ್ತಿ ಹಿಡಿದು ವಾದಿಸಿದ. ಅವನ ಮಾತು ಸುಳ್ಳಲ್ಲ. ಆದರೆ ವೀರಾವೇಶದ ಮಾತಿನ ಆ ಅಬ್ಬರದ ಹಿಂದೆ ಒಂದು ದುಗುಡ ಸದಾ ಇದೆಯೆಂಬುದನ್ನೂ ಅವನು ಒಪ್ಪಬೇಕು. ಪುಸ್ತಕದ ಹೆಸರೇ ಅಸ್ತಮಾನ. ಪಟ್ಟಾಭಿಷೇಕದ ದಿನವೇ ಓದುಗನಿಗೆ ಕೊನೆ ಗೊತ್ತು. ಹುಡುಗನಿಗೆ ಮಾತ್ರ ಗೊತ್ತಿಲ್ಲ.

ಕನ್ನಡಿಗರು ಮೊದಲು ಕಂಡ ಬಾಲವೀರ ಅಭಿಮನ್ಯು. ಕುಮಾರವ್ಯಾಸನಿಂದ ಹಿಡಿದು ನಮ್ಮ ಕಡೆಯ ಬಯಲಾಟದವರೆಗೆ ಅವನಿಲ್ಲದೆ ಭಾರತವಿಲ್ಲ. ಅವನ ಪರಾಕ್ರಮಕ್ಕೆ ಚಪ್ಪಾಳೆ ತಟ್ಟುವ ನಾವು ಆ ಕಥೆಯ ಇನ್ನೊಂದು ತುದಿಯನ್ನು ಅಷ್ಟಾಗಿ ನೋಡುವುದಿಲ್ಲ. ವ್ಯೂಹದೊಳಗೆ ಹೋಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ ಎಂದು ಹುಡುಗ ಮೊದಲೇ ಹೇಳಿದ್ದ. ಬೆನ್ನ ಹಿಂದೆಯೇ ಬರುತ್ತೇವೆಂದು ಹಿರಿಯರು ಭರವಸೆ ಕೊಟ್ಟರು. ಬಾಗಿಲಲ್ಲಿ ಸೈಂಧವ ತಡೆದ. ಹಿರಿಯರು ಹೊರಗೇ ಉಳಿದರು. ಜರ್ಮನಿಯ ರೆಮಾರ್ಕ್ 1929ರಲ್ಲಿ ಪ್ರಕಟಿಸಿದ, ಜಗತ್ತೆಲ್ಲ ಓದಿದ ಯುದ್ಧದ ಕಾದಂಬರಿಯಲ್ಲೂ ಇಂಥ ಹಿರಿಯನೊಬ್ಬನಿದ್ದಾನೆ. ಅವನು ಶಾಲೆಯ ಮೇಷ್ಟರು. ಇಡೀ ತರಗತಿಯನ್ನು ಹುರಿದುಂಬಿಸಿ ದಂಡಿಗೆ ಸೇರಿಸಿದವನು. ದೇಶ ಬೇರೆ, ಕಾಲ ಬೇರೆ, ಹುಡುಗರು ಅವರೇ.

ಮದಕರಿಯ ಮುಂದಿನ ಕಥೆ ಇತಿಹಾಸ ಬಲ್ಲವರಿಗೆ ತಿಳಿದದ್ದೇ. ಒಮ್ಮೆ ಹೈದರನ ಪಕ್ಷ, ಒಮ್ಮೆ ಮರಾಠರ ಪಕ್ಷ. ಎರಡು ಬಂಡೆಗಳ ನಡುವೆ ಸಿಕ್ಕಿದ ದುರ್ಗಕ್ಕೆ ಬೇರೆ ದಾರಿಯೂ ಇರಲಿಲ್ಲ. 1770ರಲ್ಲಿ ಪೇಶ್ವೆ ಮಾಧವರಾಯನ ದಂಡಿಗೆ ಬಗ್ಗದೆ ನಿಂತಿದ್ದ ನಿಜಗಲ್ಲಿನ ಕೋಟೆಯನ್ನು ಏರಿದವರು ದುರ್ಗದ ಬೇಡರು. 1777ರಿಂದ ಹೈದರನ ಮುತ್ತಿಗೆ; 1779ರಲ್ಲಿ ಕೋಟೆ ಬಿದ್ದು, ನಾಯಕನೂ ಅವನ ಮನೆಯವರೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಅವನು ಹಿಂದಿರುಗಲಿಲ್ಲ.

ಕೋಟೆ ಬಿದ್ದ ಮೇಲಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿರುವ ಪ್ರಕಾರ, ಹೈದರನು ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರೊಳಗಿನ ತಕ್ಕ ವಯಸ್ಸಿನ ಗಂಡುಹುಡುಗರನ್ನು ಬೇರೆ ಮಾಡಿ, ಮತಾಂತರಿಸಿ, ಕವಾಯತು ಕಲಿಸಿ ಚೇಲಾ ಪಡೆ ಎಂಬ ತುಕಡಿಗಳನ್ನು ಕಟ್ಟಿದ. ತಮ್ಮ ಊರನ್ನು ಗೆದ್ದವನಿಗಾಗಿಯೇ ಕಾದುವ ಸಿಪಾಯಿಗಳಾಗಿ ಆ ಹುಡುಗರು ಬೆಳೆದರು. ಅಂದಿನ ದುರ್ಗಸೀಮೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳ ಕಡೆಗೂ ಹಬ್ಬಿತ್ತು. ಅಂದಮೇಲೆ ಆ ಗುಂಪಿನಲ್ಲಿ ನಮ್ಮ ಕಡೆಯ ಮಕ್ಕಳೂ ಇದ್ದಿರಬೇಕು. ಇದರಿಂದ ಯಾವ ಮತದವರನ್ನೂ ದೂರುವುದು ನನ್ನ ಉದ್ದೇಶವಲ್ಲ. 1792ರಲ್ಲಿ ಹೈದರನ ಮಗ ಟಿಪ್ಪು ಸೋತಾಗ ಕಾರ್ನ್‌ವಾಲಿಸ್ ಒತ್ತೆಯಾಗಿ ಕೊಂಡೊಯ್ದುದು ಟಿಪ್ಪುವಿನ ಇಬ್ಬರು ಎಳೆಯ ಗಂಡುಮಕ್ಕಳನ್ನೇ. ಗೆದ್ದವರು ಯಾರೇ ಆಗಲಿ, ಆ ಕಾಲದಲ್ಲಿ ಲೆಕ್ಕ ಚುಕ್ತಾ ಮಾಡುತ್ತಿದ್ದುದು ಹುಡುಗರಿಂದ.

ಗದ್ದುಗೆಯ ಹುಡುಗನ ಮೇಲೆ ಕಾದಂಬರಿ ಬಂತು, ನಾಟಕ ಬಂತು, ಲಾವಣಿ ಬಂತು. ನಮ್ಮೂರ ಗೋಡೆಗಳ ಮೇಲೆ ಅವನ ಚಿತ್ರವೂ ಬಂತು. ಚೇಲಾ ಪಡೆಯ ಹುಡುಗರಲ್ಲಿ ಒಬ್ಬನನ್ನಾದರೂ ನಾಯಕನನ್ನಾಗಿ ಮಾಡಿಕೊಂಡ ಕಥೆಯನ್ನು ನಾನು ಓದಿಲ್ಲ. ತ.ರಾ.ಸು. ಅವರಿಗೆ ಇನ್ನೊಂದು ಹತ್ತು ವರ್ಷ ಆಯುಸ್ಸಿದ್ದಿದ್ದರೆ ಬರೆಯುತ್ತಿದ್ದರೇನೋ ಎಂದು ನನಗೆ ಆಸೆ. ದುರ್ಗಾಸ್ತಮಾನವನ್ನು ಬರೆಯಲು ಅವರು ವರ್ಷಾನುಗಟ್ಟಲೆ ಹಿಂದೆಗೆದರೆಂಬುದು ಪ್ರಸಿದ್ಧವಾದ ಮಾತು. ಗೆಲುವುಗಳನ್ನೆಲ್ಲ ಬರೆದಾಗಿತ್ತು; ತಾವು ಆಡಿ ಬೆಳೆದ ಕೋಟೆಯನ್ನು ತಮ್ಮ ಕೈಯಿಂದಲೇ ಕೆಡವಲು ಮನಸ್ಸು ಬರಲಿಲ್ಲ. ಕೊನೆಗೆ ಅದು ಹೊರಬಂದುದು 1982ರಲ್ಲಿ, ಅರವತ್ತು ದಾಟಿದ ಮೇಲೆ.

ನಾಗರಹಾವಿನ ಮಾತನ್ನು ಬಿಟ್ಟರೆ ಓದುಗರು ನನ್ನನ್ನು ಕ್ಷಮಿಸಲಾರರು. ದುರ್ಗದ ಕೋಪಿಷ್ಠ ಹುಡುಗ ರಾಮಾಚಾರಿ ತ.ರಾ.ಸು. ಅವರ ಮಾನಸಪುತ್ರ. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಚಿತ್ರ ಊರೂರಲ್ಲಿ ಗೆದ್ದಿತು. ಅವರಿಗೆ ಮಾತ್ರ ಅದು ಹಿಡಿಸಲಿಲ್ಲ. ತಮ್ಮ ಹಾವಿನ ವಿಷವನ್ನು ತೆಗೆದುಬಿಟ್ಟರೆಂದು ನೊಂದುಕೊಂಡರು. ಚಿತ್ರವನ್ನು ನಾನು ನಾಲ್ಕು ಸಲ ನೋಡಿದ್ದೇನೆ, ಐದನೆಯ ಸಲವೂ ನೋಡುವವನೇ. ಆದರೂ ಅವರ ನೋವು ಈಗ ಅರ್ಥವಾಗುತ್ತದೆ. ಸಿಟ್ಟಿನ ಹುಡುಗನನ್ನು ನೋಡುವುದು ಚೆನ್ನ. ಅವನ ಸಿಟ್ಟು ಎಲ್ಲಿಂದ ಹುಟ್ಟಿತು, ಅದನ್ನು ಯಾರು ಸಾಕಿದರು ಎಂದು ಕೇಳುವುದು ಕಷ್ಟ. ಅವರು ಕೇಳಲು ಹೊರಟಿದ್ದುದು ಎರಡನೆಯದನ್ನು.

1984ರ ಏಪ್ರಿಲ್ 10ರಂದು ತ.ರಾ.ಸು. ತೀರಿಕೊಂಡರು. ಅರವತ್ತನಾಲ್ಕು ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಮರುವರ್ಷ ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ತೆಗೆದುಕೊಳ್ಳಲು ಅವರಿರಲಿಲ್ಲ.

ಚಿಕ್ಕಪ್ಪನ ಮಗನಿಗೆ ನಾನು ಕೊಟ್ಟುದು ನಮ್ಮ ಗ್ರಂಥಾಲಯದ ದುರ್ಗಾಸ್ತಮಾನವನ್ನೇ. ಅಷ್ಟು ದಪ್ಪದ ಪುಸ್ತಕವನ್ನು ಅವನು ಓದಲಾರನೆಂದು ಚಿಕ್ಕಮ್ಮ ನಕ್ಕರು. ಬೇಸಿಗೆಯೆಲ್ಲ ಓದಿದ. ಬೆಳಿಗ್ಗೆ ಓಟ, ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಪುಸ್ತಕ. ಹಿಂದಿರುಗಿಸುವ ದಿನ, ನಾಯಕನನ್ನು ಹಿಡಿದುಕೊಂಡು ಹೋದರಲ್ಲ, ಅವನ ದಂಡಿನಲ್ಲಿದ್ದ ನಮ್ಮ ವಯಸ್ಸಿನವರು ಏನಾದರು ಎಂದು ಕೇಳಿದ. ವಿಲ್ಕ್ಸ್ ಬರೆದಿರುವುದನ್ನು ನನಗೆ ತಿಳಿದಷ್ಟು ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅವರ ಅಪ್ಪ ಅಮ್ಮಂದಿರನ್ನೂ ಜೊತೆಯಲ್ಲೇ ಇಟ್ಟಿದ್ದರೋ ಬೇರೆ ಇಟ್ಟಿದ್ದರೋ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ ನಾನು ಮೊದಲನೆಯ ಬಸ್ಸಿಗೆ ಹೊರಟಾಗ ಹುಡುಗರು ರಾಂಪುರದ ಕಡೆಗೆ ಓಡುತ್ತಿದ್ದರು. ಅವನೂ ಅವರಲ್ಲಿದ್ದ, ನನ್ನನ್ನು ಕಂಡು ಕೈ ಎತ್ತಿದ. ಪುಸ್ತಕ ನನ್ನ ಚೀಲದಲ್ಲಿತ್ತು.